ಫ್ಲಾಸ್ಕಿನಲ್ಲಿ ಈಗ ಉಳಿದಿರುವುದೇನು?

"ಪಿಎಚ್ 7 ಇದ್ದರೆ ತಟಸ್ಥ" ಅನ್ನೋದು ಹತ್ತನೇ ಕ್ಲಾಸಿನಿಂದಲೇ ಎಲ್ಲರಿಗೂ ಬಾಯಿಪಾಠ. ರಾಯಚೂರಿನ ಮೇ ತಿಂಗಳಲ್ಲಿ, ಫ್ಯಾನೂ ಬಿಸಿಗಾಳಿಯನ್ನೇ ಬೀಸುವ ಲ್ಯಾಬಿನಲ್ಲಿ, ಈ ಮಾತು ತಪ್ಪು. ನೀರು ಅಯಾನುಗಳಾಗಿ ಒಡೆಯುವುದು ಶಾಖ ಹೀರುವ ಕ್ರಿಯೆ. ಬಿಸಿ ಏರಿದಷ್ಟೂ ಹೆಚ್ಚು ಒಡೆಯುತ್ತದೆ. ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಇವೆರಡರ ಸಾರತೆಗಳನ್ನು ಗುಣಿಸಿದರೆ 25 ಡಿಗ್ರಿಯಲ್ಲಿ 1.0 × 10⁻¹⁴ ಬರುತ್ತದೆ, 40 ಡಿಗ್ರಿಯಲ್ಲಿ ಸುಮಾರು 2.9 × 10⁻¹⁴. ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನು 1.7 × 10⁻⁷. ಅದರ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಸಿಗುವುದೇ ಪಿಎಚ್, ಇಲ್ಲಿ 6.77. ಹಾಗಂತ ಆ ನೀರು ಆಮ್ಲವಾಗಲಿಲ್ಲ. ಎರಡೂ ಅಯಾನುಗಳು ಸಮಸಮ ಇದ್ದರೆ ಅದು ತಟಸ್ಥ. 7 ಎಂಬುದು 25 ಡಿಗ್ರಿಯ ಸಂಖ್ಯೆ, ಅಷ್ಟೇ.

ಪಿಎಚ್ ಲೆಕ್ಕದಲ್ಲಿ ಎಡವುವವರು ಗಣಿತದಲ್ಲಿ ಎಡವುವುದು ಕಡಿಮೆ. ಸಂಖ್ಯೆ ಕಂಡ ಕೂಡಲೇ ಸೂತ್ರಕ್ಕೆ ಕೈ ಹಾಕುತ್ತಾರೆ, ಪಾತ್ರೆಯೊಳಗೆ ಇಣುಕುವುದಿಲ್ಲ. ಪರೀಕ್ಷೆಯ ಹಳೇ ಬಲೆಯೊಂದಿದೆ: 10⁻⁸ ಮೋಲಾರ್ (ಅಂದರೆ ಲೀಟರಿಗೆ ಅಷ್ಟು ಮೋಲ್) ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸೂತ್ರ ಕೇಳಿದರೆ 8 ಅನ್ನುತ್ತದೆ. ಆಮ್ಲ ಹಾಕಿದ ನೀರು ಕ್ಷಾರವಾಗುವುದುಂಟೇ? ಅಲ್ಲಿ ಆಮ್ಲಕ್ಕಿಂತ ಹತ್ತು ಪಟ್ಟು ಹೆಚ್ಚು ಹೈಡ್ರೋಜನ್ ಅಯಾನು ನೀರಿನದ್ದೇ ಇದೆ. ಅದನ್ನೂ ಸೇರಿಸಿ ವರ್ಗಸಮೀಕರಣ ಬಿಡಿಸಿದರೆ 1.05 × 10⁻⁷ ಬರುತ್ತದೆ, ಪಿಎಚ್ 6.98.

ಲಾಗ್ ಎಂಬುದನ್ನು ಮರೆತವರಿಗೆ ಇನ್ನೊಂದು ಬಲೆ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸನ್ ಈ ಅಳತೆಯನ್ನು ತಂದಿದ್ದೇ ಸೊನ್ನೆಗಳ ಸಾಲು ಬರೆಯುವ ಕಷ್ಟ ತಪ್ಪಲೆಂದು. ಸೊನ್ನೆಗಳೇನೋ ಹೋದವು, ಜತೆಗೆ ಕೂಡಿಸುವ ಸಲೀಸೂ ಹೋಯಿತು. ಪಿಎಚ್ 3 ಇರುವ ಪ್ರಬಲ ಆಮ್ಲವನ್ನೂ ಪಿಎಚ್ 5 ಇರುವುದನ್ನೂ ಸಮ ಅಳತೆಯಲ್ಲಿ ಬೆರೆಸಿದರೆ 4 ಆಗುವುದಿಲ್ಲ. 0.001 ಮತ್ತು 0.00001, ಇವುಗಳ ಸರಾಸರಿ 0.000505. ಪಿಎಚ್ 3.30. ಎರಡನೆಯದು ಹೆಚ್ಚುಕಡಿಮೆ ಬರೀ ನೀರು ಸುರಿದ ಹಾಗೆ.

ಆದ್ದರಿಂದ ಮೊದಲು ಮೋಲ್, ಆಮೇಲೆ ಪಿಎಚ್. ಟೈಟ್ರೇಶನ್ನಿನಲ್ಲಿ, ಅಂದರೆ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಅಳೆದು ಹಾಕುವಾಗ, ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಕೋನಿಕಲ್ ಫ್ಲಾಸ್ಕಿನಲ್ಲಿ 0.1 ಮೋಲಾರ್ ಅಸಿಟಿಕ್ ಆಮ್ಲ 25 ಮಿ.ಲೀ., ಬ್ಯೂರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಫ್ಲಾಸ್ಕಿನಲ್ಲಿರುವುದು 2.5 ಮಿಲಿಮೋಲ್ ಆಮ್ಲ. ಕ್ಷಾರ ಬೀಳುವ ಮುಂಚೆ ಇದು ದುರ್ಬಲ ಆಮ್ಲ ಮಾತ್ರ. ಕೆಎ (ಆಮ್ಲ ಎಷ್ಟು ಒಡೆಯುತ್ತದೆಂದು ಹೇಳುವ ಸ್ಥಿರಾಂಕ) 1.8 × 10⁻⁵, ಅದನ್ನು 0.1ರಿಂದ ಗುಣಿಸಿ ವರ್ಗಮೂಲ ತೆಗೆದರೆ 1.34 × 10⁻³, ಪಿಎಚ್ 2.87. (ವರ್ಗಮೂಲದ ಈ ಅಡ್ಡದಾರಿ ಆಮ್ಲ ಶೇಕಡಾ 5ಕ್ಕಿಂತ ಕಡಿಮೆ ಒಡೆದಾಗ ಮಾತ್ರ ನಡೆಯುತ್ತದೆ. ಅದೇ ಆಮ್ಲವನ್ನು 0.001 ಮೋಲಾರ್‌ಗೆ ಇಳಿಸಿದರೆ ಶೇಕಡಾ 12ಕ್ಕಿಂತ ಹೆಚ್ಚು ಒಡೆಯುತ್ತದೆ, ಆಗ ವರ್ಗಸಮೀಕರಣವೇ ಗತಿ.)

10 ಮಿ.ಲೀ. ಕ್ಷಾರ ಬಿತ್ತು, ಅಂದರೆ 1.0 ಮಿಲಿಮೋಲ್. ಅದು ಅಷ್ಟೇ ಆಮ್ಲವನ್ನು ತಿಂದು ಅಸಿಟೇಟ್ ಮಾಡಿಟ್ಟು ಹೋಗುತ್ತದೆ. ಹಾಕಿದ ಹೈಡ್ರಾಕ್ಸೈಡ್ ಈಗ ಅಲ್ಲಿಲ್ಲ. ಇದೊಂದು ಮಾತು ತಲೆಗೆ ಹತ್ತಿದರೆ ಅರ್ಧ ಪಾಠ ಮುಗಿದಂತೆ. ಉಳಿದದ್ದು ಆಮ್ಲ 1.5, ಅಸಿಟೇಟ್ 1.0. ಆಮ್ಲವೂ ಅದರ ಜೋಡಿ ಪ್ರತ್ಯಾಮ್ಲವೂ (ಇಲ್ಲಿ ಅಸಿಟೇಟ್) ಒಟ್ಟಿಗಿವೆ, ಅಂದರೆ ಬಫರ್, ಪಿಎಚ್ ಸುಲಭಕ್ಕೆ ಅಲುಗಲು ಬಿಡದ ಮಿಶ್ರಣ. ಹೆಂಡರ್‌ಸನ್–ಹ್ಯಾಸೆಲ್‌ಬಾಲ್ಕ್ ಸೂತ್ರ ಈಗ ಬರಬೇಕು (ಕೆಎಯ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಪಿಕೆಎ):

ಪಿಎಚ್ = ಪಿಕೆಎ + ಲಾಗ್ (ಪ್ರತ್ಯಾಮ್ಲ ÷ ಆಮ್ಲ) = 4.74 + ಲಾಗ್ (1.0 ÷ 1.5) = 4.56

ಇಲ್ಲಿ ಗಾತ್ರ ಬೇಕಿಲ್ಲ. ಮೇಲೂ ಕೆಳಗೂ ಅದೇ 35 ಮಿ.ಲೀ. ಇರುವುದರಿಂದ ಹೊಡೆದು ಹೋಗುತ್ತದೆ. ಮಿಲಿಮೋಲಿನಲ್ಲೇ ಲೆಕ್ಕ ಮುಗಿಸಿ. 12.5 ಮಿ.ಲೀ.ಗೆ ಎರಡೂ ಸಮ, ಲಾಗ್ ಸೊನ್ನೆ, ಪಿಎಚ್ 4.74. 20ಕ್ಕೆ 5.34. ಇಪ್ಪತ್ತು ಮಿ.ಲೀ. ಸುರಿದರೂ ಎರಡೂವರೆ ಅಂಕ ಏರಿದ್ದೇ ಹೆಚ್ಚು. ಆಮೇಲೆ ನೋಡಿ ಆಟ: 24.9ಕ್ಕೆ 7.14, 25.0ಕ್ಕೆ 8.72, 25.1ಕ್ಕೆ 10.30. ಬ್ಯೂರೆಟ್ಟಿನ ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ ನಾಲ್ಕು ಹನಿಯಲ್ಲಿ ಮೂರು ಅಂಕದ ನೆಗೆತ.

25.0ರಲ್ಲಿ 8.72 ಯಾಕೆ, 7 ಯಾಕಲ್ಲ? ಮತ್ತೆ ಫ್ಲಾಸ್ಕಿಗೇ ಬನ್ನಿ. ಆಮ್ಲ ಖಾಲಿ, ಕ್ಷಾರವೂ ಖಾಲಿ, ಇರುವುದು 50 ಮಿ.ಲೀ. ನೀರಿನಲ್ಲಿ 2.5 ಮಿಲಿಮೋಲ್ ಅಸಿಟೇಟ್, ಅಂದರೆ 0.05 ಮೋಲಾರ್. ಅದೊಂದು ದುರ್ಬಲ ಪ್ರತ್ಯಾಮ್ಲ, ನೀರಿನಿಂದ ಕೊಂಚ ಹೈಡ್ರಾಕ್ಸೈಡ್ ಹುಟ್ಟಿಸುತ್ತದೆ; ಅದರ ಸ್ಥಿರಾಂಕ ಕೆಬಿ 5.6 × 10⁻¹⁰. ಬಫರ್ ಸೂತ್ರವನ್ನು ಇಲ್ಲಿಗೂ ಎಳೆದು ತಂದರೆ ಕೆಳಗೆ ಸೊನ್ನೆ ಕೂತು ಕ್ಯಾಲ್ಕುಲೇಟರ್ ಕೈಕೊಡುತ್ತದೆ. ಈ ಜಾಗದಲ್ಲಿ ಗಾತ್ರವೂ ಬೇಕು. 0.1 ಎಂದೇ ಇಟ್ಟುಕೊಂಡು ಲೆಕ್ಕ ಮಾಡುವ ತಪ್ಪು ಉತ್ತರಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಸೂಚಕದ ಆಯ್ಕೆಯೂ ಈ ಅಂಕಿಗಳಲ್ಲೇ ಇದೆ. ಫಿನಾಲ್ಫ್ಥಲೀನ್ 8.2ರಿಂದ 10ರ ನಡುವೆ ಬಣ್ಣ ತಿರುಗುತ್ತದೆ, ನೆಗೆತದೊಳಗೇ. ಮೀಥೈಲ್ ಆರೆಂಜ್ 3.1ರಿಂದ 4.4. ಅದನ್ನು ಹಾಕಿದರೆ 8 ಮಿ.ಲೀ. ಆಸುಪಾಸಿನಲ್ಲೇ ಪೂರಾ ಹಳದಿಯಾಗಿ ಕೂತುಬಿಡುತ್ತದೆ, ಆಮ್ಲ ಮೂರರಲ್ಲಿ ಎರಡು ಪಾಲು ಬಾಕಿ ಇರುವಾಗಲೇ.

ತೊಳೆಯುವ ವಿಷಯ ಸಣ್ಣದೆಂದು ಬಿಡುವಂತಿಲ್ಲ. ಬ್ಯೂರೆಟ್ಟನ್ನು ಕ್ಷಾರದಿಂದ, ಪಿಪೆಟ್ಟನ್ನು ಆಮ್ಲದಿಂದ ಜಾಲಾಡಿಸಬೇಕು. ಫ್ಲಾಸ್ಕನ್ನು ಮಾತ್ರ ಡಿಸ್ಟಿಲ್ಡ್ ನೀರಿನಿಂದ. ಫ್ಲಾಸ್ಕಿನಲ್ಲಿ ನೀರು ಉಳಿದರೆ ಚಿಂತೆಯಿಲ್ಲ, 2.5 ಮಿಲಿಮೋಲ್ 2.5 ಆಗಿಯೇ ಇರುತ್ತದೆ. ಅದನ್ನೇ ಆಮ್ಲದಿಂದ ತೊಳೆದಿರೋ, ಗೋಡೆಗೆ ಅಂಟಿದ ಆಮ್ಲ ಲೆಕ್ಕಕ್ಕೆ ಸಿಗದೆ ರೀಡಿಂಗ್ ಮೇಲೇರುತ್ತದೆ. ಇನ್ನು ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಮಾಸಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡಿನ ಕೆಲಸ. ಮತ್ತೊಂದು ಹನಿ ಹಾಕಲು ಹೋಗಬೇಡಿ.

ಈಗ ಬಫರ್ ತಯಾರಿಸೋಣ. ಪಿಎಚ್ 5.0, ಒಟ್ಟು ಸಾರತೆ 0.1 ಮೋಲಾರ್, 250 ಮಿ.ಲೀ. ಅಸಿಟಿಕ್ ಆಮ್ಲದ ಪಿಕೆಎ 4.74, ಬೇಕಾದದ್ದಕ್ಕೆ ಹತ್ತಿರ, ಆಯ್ಕೆ ಸರಿ. (ಪಿಕೆಎಯಿಂದ ಒಂದು ಅಂಕ ಆಚೀಚೆ ಹೋದರೆ ಅನುಪಾತ ಹತ್ತಕ್ಕೆ ಒಂದಾಗಿ ಒಂದು ಕಡೆ ಬಡವಾಗುತ್ತದೆ. ಅಂಥ ಕಡೆ ಆಮ್ಲವನ್ನೇ ಬದಲಾಯಿಸಿ.) ವ್ಯತ್ಯಾಸ 0.26, ಪ್ರತಿಲಾಗ್ 1.82. ಒಟ್ಟು 25 ಮಿಲಿಮೋಲನ್ನು 1.82ಕ್ಕೆ 1ರಂತೆ ಹಂಚಿದರೆ ಅಸಿಟೇಟ್ 16.1, ಆಮ್ಲ 8.9. ಗ್ಲೇಸಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಸುಮಾರು 17.4 ಮೋಲಾರ್ ಇರುವುದರಿಂದ 0.51 ಮಿ.ಲೀ. ಸಾಕು. ಅಷ್ಟನ್ನು ಅಳತೆ ಜಾಡಿಯಲ್ಲಿ ಅಳೆಯುತ್ತೇನೆಂದರೆ ನಗೆಪಾಟಲು. ಮೊದಲು 57.5 ಮಿ.ಲೀ. ಆಮ್ಲವನ್ನು ನೀರಿಗೆ ಹಾಕಿ ಒಂದು ಲೀಟರಿಗೆ ತಂದು 1 ಮೋಲಾರ್ ಸ್ಟಾಕ್ ಮಾಡಿಟ್ಟುಕೊಳ್ಳಿ, ಅದರಿಂದ 8.9 ಮಿ.ಲೀ. ತೆಗೆಯಿರಿ.

ಸೋಡಿಯಂ ಅಸಿಟೇಟ್ ತೂಗುವಾಗ ಬಾಟಲಿಯ ಲೇಬಲ್ ಓದಿ. ಟ್ರೈಹೈಡ್ರೇಟ್ (ನೀರು ಸೇರಿದ ಹರಳು) ಆದರೆ ಅಣುತೂಕ 136, ಬೇಕಾದದ್ದು 2.20 ಗ್ರಾಂ. ನೀರಿಲ್ಲದ ಪುಡಿಯಾದರೆ 82, ಬೇಕಾದದ್ದು 1.32 ಗ್ರಾಂ. ಕಣ್ಣಿಗೆ ಎರಡೂ ಬಿಳಿಯೇ. ಟ್ರೈಹೈಡ್ರೇಟ್ ಬಾಟಲಿಯಿಂದ 1.32 ಗ್ರಾಂ ತೂಗಿದರೆ ಸಿಗುವುದು 9.7 ಮಿಲಿಮೋಲ್ ಮಾತ್ರ, ಪಿಎಚ್ 4.78ಕ್ಕೆ ನಿಲ್ಲುತ್ತದೆ. ಬಫರ್ ಸರಿಯಾಗಿ ಬರದಿದ್ದಾಗ ಮೀಟರನ್ನು ಬೈಯುವ ಮುಂಚೆ ಈ ಲೇಬಲ್ಲನ್ನೊಮ್ಮೆ ನೋಡಿ. ಎರಡನ್ನೂ ಸುಮಾರು 200 ಮಿ.ಲೀ. ನೀರಿನಲ್ಲಿ ಕರಗಿಸಿ, ಮೀಟರಿನಲ್ಲಿ ನೋಡಿ, ಒಂದೆರಡು ಹನಿ ಸರಿಪಡಿಸಿ, ಕೊನೆಗೆ 250ರ ಗೆರೆಗೆ ತನ್ನಿ. ಮೊದಲೇ ಗೆರೆಗೆ ತಂದರೆ ಸರಿಪಡಿಸಲು ಜಾಗ ಎಲ್ಲಿ?

ಇದರ ತಾಕತ್ತು ನೋಡಬೇಕೆಂದರೆ 100 ಮಿ.ಲೀ. ಬಫರಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿ. ಅಸಿಟೇಟ್ 6.45ರಿಂದ 5.45ಕ್ಕೆ ಇಳಿಯಿತು, ಆಮ್ಲ 3.55ರಿಂದ 4.55ಕ್ಕೆ ಏರಿತು, ಪಿಎಚ್ 4.82. ಅಷ್ಟೇ ಆಮ್ಲ ಬರೀ ನೀರಿಗೆ ಬಿದ್ದಿದ್ದರೆ ನೇರ 2ಕ್ಕೆ. ಆದರೆ ಬಫರೇನು ಅಕ್ಷಯಪಾತ್ರೆಯಲ್ಲ. 6 ಮಿ.ಲೀ. ಹಾಕಿದರೆ ಅಸಿಟೇಟ್ 0.45 ಉಳಿದು ಪಿಎಚ್ 3.4. ಮುಂದಿನ ಅರ್ಧ ಮಿ.ಲೀ.ಗೆ ಆಟ ಮುಗಿಯಿತು.

ಮೀಟರಿನ ಮಾತು ಬಂತಲ್ಲ. ಮೀಟರನ್ನು ಸರಿಹೊಂದಿಸಲು ಬಳಸುವ ಬೊರಾಕ್ಸ್ ಬಫರ್ 25 ಡಿಗ್ರಿಯಲ್ಲಿ 9.18, 40ರಲ್ಲಿ 9.07. ಬೇಸಿಗೆಯಲ್ಲಿ 9.18 ಎಂದೇ ಒತ್ತಿದರೆ ತಪ್ಪು ಅಲ್ಲಿಂದಲೇ ಶುರು. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡುವ ಚಾಳಿ ಬಿಡಬೇಕು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಡಿ. ಮೀಟರ್ ಇಲ್ಲದ ಮನೆಯಲ್ಲಿ ಅರಿಶಿನವಿದೆ. ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಕೂಡಲೇ ಕೆಂಪೇರುವುದು, ಅಂಗಿಯ ಮೇಲಿನ ಸಾರಿನ ಕಲೆ ಸೋಪು ತಾಗಿ ಕೆಂಪಾಗಿ ನಿಂಬೆರಸಕ್ಕೆ ಮತ್ತೆ ಹಳದಿಯಾಗುವುದು, ಎರಡೂ ಸೂಚಕದ ಕೆಲಸವೇ.

ಪುಸ್ತಕದ ಬಫರ್ ಬಿಟ್ಟು ಹೊಲಕ್ಕೆ ಬಂದರೆ ಬೋರಿನ ನೀರೇ ಒಂದು ಬಫರ್. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರು ಔಷಧಿ ಹೊಡೆಯುವ ಮುಂಚೆ ನೀರಿನ ಪಿಎಚ್ ಇಳಿಸುವ ಲೆಕ್ಕ ಕೇಳುತ್ತಾರೆ, ಕೆಲವು ಕೀಟನಾಶಕಗಳು ಕ್ಷಾರದ ನೀರಿನಲ್ಲಿ ಬೇಗ ಒಡೆದು ಹೋಗುತ್ತವೆಂದು. 200 ಲೀಟರ್ ಡ್ರಮ್ಮು, ನೀರಿನ ಪಿಎಚ್ 8, ಬೇಕಾದದ್ದು 5.5. ಪಿಎಚ್ ಮಾತ್ರ ನೋಡಿ ಲೆಕ್ಕ ಹಾಕಿದರೆ 200 ಲೀಟರಿಗೆ ಬೇಕಾದ ಹೈಡ್ರೋಜನ್ ಅಯಾನು 0.0006 ಮೋಲ್. ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಒಂದು ಹನಿಯೂ ಬೇಡ. ಹಾಕಿ ನೋಡಿ, ಮೀಟರ್ ಅಲುಗುವುದೂ ಇಲ್ಲ.

ಕಾರಣ ಬೈಕಾರ್ಬನೇಟ್. ನೀರಿನ ರಿಪೋರ್ಟಿನಲ್ಲಿ ಪಿಎಚ್ ಅಲ್ಲ, ಕ್ಷಾರೀಯತೆಯ ಸಾಲು ಹುಡುಕಿ. ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿ.ಗ್ರಾಂ ಇದೆಯೆನ್ನಿ. 50ರಿಂದ ಭಾಗಿಸಿದರೆ 6 ಮಿಲಿಈಕ್ವಿವಲೆಂಟ್, ಅಂದರೆ ಅಷ್ಟು ಮಿಲಿಮೋಲ್ ಹೈಡ್ರೋಜನ್ ಅಯಾನನ್ನು ನುಂಗುವ ತಾಕತ್ತು. ಕಾರ್ಬಾನಿಕ್ ಆಮ್ಲದ ಮೊದಲ ಪಿಕೆಎ 6.35. 5.5 ಅದಕ್ಕಿಂತ 0.85 ಕೆಳಗೆ, ಅಲ್ಲಿ ಬೈಕಾರ್ಬನೇಟ್ ಉಳಿಯುವುದು ಶೇಕಡಾ 12 ಮಾತ್ರ. ಉಳಿದ 88ನ್ನು ಆಮ್ಲವೇ ತೀರಿಸಬೇಕು: ಲೀಟರಿಗೆ 5.3 ಮಿಲಿಈಕ್ವಿವಲೆಂಟ್, ಡ್ರಮ್ಮಿಗೆ 1.05 ಈಕ್ವಿವಲೆಂಟ್. ಸಾರೀಕೃತ ಸಲ್ಫ್ಯೂರಿಕ್ ಲೆಕ್ಕದಲ್ಲಿ ಸುಮಾರು 29 ಮಿ.ಲೀ. ಹನಿಗೂ ಕಡಿಮೆ ಎಂದಿದ್ದು ಸಾವಿರಕ್ಕೂ ಹೆಚ್ಚು ಪಟ್ಟು ಬೆಳೆಯಿತು. ಸ್ಪ್ರೇಗೆ ನನ್ನ ಆಯ್ಕೆ ಸಿಟ್ರಿಕ್ ಆಮ್ಲ. ಅದಕ್ಕೆ ಮೂರು ಪ್ರೋಟಾನ್ (ಹೈಡ್ರೋಜನ್ ಅಯಾನು) ಇದ್ದರೂ 5.5ರಲ್ಲಿ ಬಿಟ್ಟುಕೊಡುವುದು ಸರಾಸರಿ ಎರಡೇ. ಹಾಗಾಗಿ ಮೊನೊಹೈಡ್ರೇಟ್ ಹರಳು ಸುಮಾರು 113 ಗ್ರಾಂ. ಮುಕ್ಕಾಲು ಪಾಲು ಕರಗಿಸಿ ಹಾಕಿ, ಕಲಕಿ, ಅಳೆದು, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಹಾಕಿ. ಬಫರ್ ಸೋಲುವ ಹೊತ್ತಿಗೆ ಪಿಎಚ್ ಧಡಕ್ಕನೆ ಇಳಿಯುತ್ತದೆ. ತೆರೆದ ಡ್ರಮ್ಮನ್ನು ಒಂದು ತಾಸು ಬಿಟ್ಟು ನೋಡಿದರೆ ಪಿಎಚ್ ಮತ್ತೆ ಏರಿರುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಬಿದ್ದಿರುತ್ತದೆ, ಮೀಟರಿನ ತಪ್ಪಲ್ಲ. ಸಲ್ಫ್ಯೂರಿಕ್ ಬಳಸುವವರು ಕೈಗವಸು, ಕನ್ನಡಕ ಹಾಕಿಕೊಂಡೇ, ನೀರಿಗೆ ಆಮ್ಲ ಹಾಕಬೇಕು. ಆಮ್ಲಕ್ಕೆ ನೀರು ಎಂದೂ ಬೇಡ.

ತಾಮ್ರದ ಔಷಧಿಯಿದ್ದರೆ ಈ ಆಮ್ಲದ ಕೆಲಸವನ್ನೇ ಮಾಡಬೇಡಿ. ಪಿಎಚ್ ಇಳಿದರೆ ತಾಮ್ರ ಹೆಚ್ಚು ಕರಗಿ ಎಲೆ ಸುಡುತ್ತದೆ. ಶಿಲೀಂಧ್ರಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ ಎಂಬುದು ವಾಡಿಕೆ. ಮೋಲ್ ಲೆಕ್ಕದಲ್ಲಿ ಮೈಲುತುತ್ತ 4 ಮೋಲ್, ಅದಕ್ಕೆ ಶುದ್ಧ ಸುಟ್ಟ ಸುಣ್ಣ 225 ಗ್ರಾಂ ಸಾಕು. ಉಳಿದದ್ದೆಲ್ಲ ಸುಣ್ಣದ ಗುಣಮಟ್ಟಕ್ಕೆ ಕಟ್ಟುವ ವಿಮೆ. ಚೀಲ ಬಿಚ್ಚಿಟ್ಟ ಸುಣ್ಣ ಗಾಳಿ ಕುಡಿದು ಕಾರ್ಬನೇಟ್ ಆಗಿ ಸತ್ತಿರುತ್ತದೆ. ಆದ್ದರಿಂದಲೇ ಕುಡುಗೋಲಿನ ಪರೀಕ್ಷೆ: ಹೊಳೆಯುವ ಕಬ್ಬಿಣದ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ತಾಮ್ರದ ಅಯಾನು ಇನ್ನೂ ಬಿಡುವಾಗಿದೆ, ಇನ್ನಷ್ಟು ಸುಣ್ಣದ ಹಾಲು ಸೇರಿಸಿ.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸವಳು ಭೂಮಿಗೂ ಆಮ್ಲ ಸುರಿದು ಪಿಎಚ್ ಇಳಿಸಬಾರದೇಕೆ ಎನ್ನುವವರಿಗೆ ಒಂದೇ ಲೆಕ್ಕ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 8 ಲಕ್ಷ ಕೆಜಿ. ಎರೆಮಣ್ಣಿನಲ್ಲಿ ಸುಣ್ಣದ ಹರಳು ಶೇಕಡಾ 5 ಇದ್ದರೆ 40 ಟನ್. ಅದನ್ನು ಕರಗಿಸಿ ಮುಗಿಸಲು ಸುಮಾರು 39 ಟನ್ ಸಲ್ಫ್ಯೂರಿಕ್ ಆಮ್ಲ ಬೇಕು. ಅಲ್ಲಿಯವರೆಗೆ ಆ ಸುಣ್ಣ ಪಿಎಚ್ಚನ್ನು 8ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. 8.5 ದಾಟಿದರೆ ತಂಟೆ ಸುಣ್ಣದ್ದಲ್ಲ, ಸೋಡಿಯಂ ಕಾರ್ಬನೇಟಿನದ್ದು. ಅಲ್ಲಿ ಜಿಪ್ಸಂ ಹಾಕುವುದು ಅದು ಆಮ್ಲವೆಂದಲ್ಲ. ಅದರ ಕ್ಯಾಲ್ಸಿಯಂ ಕಾರ್ಬನೇಟನ್ನು ಹಿಡಿದು ತಳಕ್ಕಿಳಿಸುತ್ತದೆ, ಮಣ್ಣಿಗಂಟಿದ ಸೋಡಿಯಮ್ಮನ್ನು ಎಬ್ಬಿಸಿ ಸಲ್ಫೇಟ್ ಮಾಡುತ್ತದೆ. ಅದು ನೀರಿನೊಡನೆ ಬಸಿದು ಹೋಗಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಂ ಚೆಲ್ಲಿದರೆ ಸೋಡಿಯಂ ಹೋಗುವುದೆಲ್ಲಿಗೆ?

ಪಿಕೆಎಯ ಬೆಲೆ ಜೀವದ ಲೆಕ್ಕದಲ್ಲಿ ತಿಳಿಯುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ. ಅದಿರಿನ ಪುಡಿಯಿಂದ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನದಲ್ಲಿ ಸುಣ್ಣ ಹಾಕಿ ಪಿಎಚ್ 10.5ರ ಮೇಲೆ ಇಡುವುದು ಜಗತ್ತಿನೆಲ್ಲೆಡೆಯ ರೂಢಿ. ಹೈಡ್ರೋಜನ್ ಸಯನೈಡ್ ದುರ್ಬಲ ಆಮ್ಲ, ಮಾರಕ ವಿಷವೂ ಹೌದು, ಪಿಕೆಎ 9.2. ಪಿಎಚ್ 11ರಲ್ಲಿ ಸಯನೈಡಿನ ಶೇಕಡಾ 1.6ರಷ್ಟು ಮಾತ್ರ ಆಮ್ಲದ ರೂಪದಲ್ಲಿರುತ್ತದೆ, 10.5ಕ್ಕೆ ಶೇಕಡಾ 5, 9.2ಕ್ಕೆ ಅರ್ಧಕ್ಕರ್ಧ, 8ಕ್ಕೆ ಇಳಿದರೆ ಶೇಕಡಾ 94. ಆ ಆಮ್ಲ ಕುದಿಯುವುದು 26 ಡಿಗ್ರಿಗೆ, ಹಟ್ಟಿಯ ಬೇಸಿಗೆಯ ರಾತ್ರಿಯೂ ಅದಕ್ಕಿಂತ ಬಿಸಿ ಇರಬಹುದು. ಆದ್ದರಿಂದ ಈ ವಿಧಾನದಲ್ಲಿ ಸುಣ್ಣ ಮೊದಲು ಬೀಳಬೇಕು, ಪಿಎಚ್ ನೋಡಿಕೊಂಡ ಮೇಲೆಯೇ ಸಯನೈಡ್.